ಸೋಲಿಗೆ ಹೊಣೆ ಯಾರು? ಬೇಸ್‌ಬಾಲ್ ಅಭಿಮಾನಿಯ ಕೂಗಿಗೆ ಒಂದು ಅಳತೆಗೋಲು

೨೦೨೩ನೆಯ ಇಸವಿ ಜೂನ್ ೧೩ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದ ಓಕ್ಲೆಂಡ್ ನಗರದಲ್ಲಿ ಒಂದು ವಿಚಿತ್ರ ಪ್ರತಿಭಟನೆ ನಡೆಯಿತು. ಜನರು ಸಿಟ್ಟಿಗೆದ್ದರೆ ಸಾಮಾನ್ಯವಾಗಿ ಬಹಿಷ್ಕಾರ ಹೂಡುತ್ತಾರೆ; ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ, ಸಭೆಯತ್ತ ಸುಳಿಯುವುದಿಲ್ಲ. ಓಕ್ಲೆಂಡಿನವರು ಅಂದು ಮಾಡಿದುದು ಇದಕ್ಕೆ ತೀರ ವಿರುದ್ಧವಾದುದು. ಆ ನಗರದ ಬೇಸ್‌ಬಾಲ್ ತಂಡವಾದ 'ಅಥ್ಲೆಟಿಕ್ಸ್' ಆ ವರ್ಷ ಸೋಲಿನ ಮೇಲೆ ಸೋಲನ್ನು ಉಣ್ಣುತ್ತಿತ್ತು. ಕ್ರೀಡಾಂಗಣದ ಬಹುಭಾಗ ದಿನವೂ ಬರಿದಾಗಿರುತ್ತಿತ್ತು. ಅಂದು ಮಾತ್ರ ೨೭,೭೫೯ ಟಿಕೀಟುಗಳು ಮಾರಾಟವಾದುವು. ಬಂದವರಲ್ಲಿ ಸಾವಿರಾರು ಮಂದಿ ತೊಟ್ಟಿದ್ದ ಹಸುರು ಅಂಗಿಯ ಮೇಲೆ 'ಮಾರು' ಎಂಬ ಒಂದೇ ಒಂದು ಮಾತು ಅಚ್ಚಾಗಿತ್ತು. ಒಡೆಯನನ್ನು ಉದ್ದೇಶಿಸಿ ತಂಡವನ್ನು ಮಾರಿಬಿಡೆಂದು ಅವರು ಒಕ್ಕೊರಲಿನಿಂದ ಕೂಗಿದರು. ನಾವು ಆಟವನ್ನು ಬಿಟ್ಟವರಲ್ಲ, ತಂಡವನ್ನು ನಡೆಸುವವರೇ ನಮ್ಮ ಕೈ ಬಿಟ್ಟಿದ್ದಾರೆ ಎಂದು ತೋರಿಸುವುದೇ ಈ ಚಳವಳಿಯ ತಾತ್ಪರ್ಯ.

ಕ್ರೀಡಾಭಿಮಾನಿಗಳ ಕೂಗನ್ನು ಬರಿಯ ಭಾವಾವೇಶವೆಂದು ತಳ್ಳಿಹಾಕುವುದು ಸುಲಭ. ಗೆದ್ದಾಗ ಹೊಗಳುವುದು, ಸೋತಾಗ ತೆಗಳುವುದು ಜನರ ಸ್ವಭಾವವಲ್ಲವೆ? ಆದರೆ ವಿಜ್ಞಾನದ ವಿದ್ಯಾರ್ಥಿಯು ಯಾವ ಕೂಗನ್ನೂ ಅಳೆದು ನೋಡದೆ ತಳ್ಳಿಹಾಕಬಾರದು. ಅಳೆದು ನೋಡದೆ ಒಪ್ಪಲೂಬಾರದು. ಇಲ್ಲಿ ನಮ್ಮ ಮುಂದೆ ಎರಡು ಪ್ರಶ್ನೆಗಳಿವೆ. ತಂಡದ ಸೋಲಿನಲ್ಲಿ ಅದೃಷ್ಟದ ಪಾಲೆಷ್ಟು, ಅಶಕ್ತಿಯ ಪಾಲೆಷ್ಟು ಎಂಬುದನ್ನು ಲೆಕ್ಕ ಹಾಕಬಹುದೆ? ಇದು ಮೊದಲನೆಯದು. ದೋಷವು ಎಲ್ಲರ ಕಣ್ಣಿಗೂ ಕಾಣುವಂತಿದ್ದರೂ ಅದು ತಿದ್ದಿಕೊಳ್ಳದೆ ಉಳಿಯುವುದೇಕೆ? ಇದು ಎರಡನೆಯದು. ಮೊದಲನೆಯದಕ್ಕೆ ಸಂಭವನೀಯತೆಯ ಗಣಿತವೂ ಎರಡನೆಯದಕ್ಕೆ ಯಂತ್ರಶಾಸ್ತ್ರದ ಒಂದು ಹಳೆಯ ತತ್ತ್ವವೂ ಉತ್ತರ ಕೊಡಬಲ್ಲವು.

ಆಟದ ಪರಿಚಯ

ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದಾಯಾದಿ. ಒಂಬತ್ತೊಂಬತ್ತು ಮಂದಿಯ ಎರಡು ತಂಡಗಳು ಒಂಬತ್ತು ಸರದಿಗಳನ್ನು ಆಡುತ್ತವೆ. ದಾಂಡಿಗನು ಎಸೆದ ಚೆಂಡನ್ನು ಹೊಡೆದು, ನಾಲ್ಕು ನೆಲೆಗಳನ್ನು ಸುತ್ತಿ ಮೊದಲಿನ ಜಾಗಕ್ಕೆ ಬಂದರೆ ತಂಡಕ್ಕೆ ಒಂದು ಓಟ. ಹೆಚ್ಚು ಓಟ ಗಳಿಸಿದವರಿಗೆ ಗೆಲುವು. ಒಂಬತ್ತು ಸರದಿಗಳ ಕೊನೆಗೆ ಓಟಗಳು ಸಮವಾಗಿದ್ದರೆ ಗೆಲುವು ತೀರ್ಮಾನವಾಗುವವರೆಗೆ ಆಟ ಮುಂದುವರಿಯುತ್ತದೆ. ಅಮೆರಿಕದ ಅತ್ಯುನ್ನತ ಕೂಟವಾದ 'ಮೇಜರ್ ಲೀಗ್'ನಲ್ಲಿ ೩೦ ತಂಡಗಳಿವೆ. ಒಂದೊಂದು ತಂಡವೂ ವರ್ಷಕ್ಕೆ ೧೬೨ ಪಂದ್ಯಗಳನ್ನು ಆಡುತ್ತದೆ. ಸಂಖ್ಯಾಶಾಸ್ತ್ರವನ್ನು ಕಲಿಯುವವರಿಗೆ ಇಷ್ಟು ದೊಡ್ಡ ಸಂಖ್ಯೆಯ ಪ್ರಯೋಗಗಳು ಬೇರೆ ಆಟಗಳಲ್ಲಿ ದೊರೆಯುವುದು ದುರ್ಲಭ.

ಇಲ್ಲಿ ತಂಡವೆಂಬುದು ಒಂದು ಖಾಸಗಿ ಸ್ವತ್ತು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಒಡೆಯನು ಅದನ್ನು ಕೊಳ್ಳಬಹುದು, ಮಾರಬಹುದು. ಇತರ ಒಡೆಯರ ಒಪ್ಪಿಗೆ ಪಡೆದು ಬೇರೊಂದು ಊರಿಗೂ ಒಯ್ಯಬಹುದು. ಯಾವ ಆಟಗಾರನನ್ನು ತರಬೇಕು, ಯಾರನ್ನು ಬಿಟ್ಟುಕೊಡಬೇಕು ಎಂಬುದನ್ನು ಒಡೆಯನು ಕೊಟ್ಟ ಹಣದ ಮಿತಿಯೊಳಗೆ ಮುಖ್ಯ ವ್ಯವಸ್ಥಾಪಕನು ತೀರ್ಮಾನಿಸುತ್ತಾನೆ. ಮೈದಾನದಲ್ಲಿ ಅಂದಂದಿನ ಆಟವನ್ನು ನಡೆಸುವವನು ಮೂರನೆಯವನಾದ 'ಮ್ಯಾನೇಜರ್'. ತಂಡ ಸೋತಾಗ ಜನರ ಸಿಟ್ಟು ಮೊದಲು ತಗಲುವುದು ಕಣ್ಣೆದುರಿಗಿರುವ ಈ ಮೂರನೆಯವನಿಗೆ. ಅದು ನ್ಯಾಯವೆ ಎಂಬುದನ್ನು ಈಗ ವಿಚಾರಿಸೋಣ.

ಅದೃಷ್ಟದ ಪಾಲೆಷ್ಟು?

ಗುಣದಲ್ಲಿ ತೀರ ಮಧ್ಯಮವಾದ ಒಂದು ತಂಡವನ್ನು ಊಹಿಸಿಕೊಳ್ಳಿ. ಯಾವ ಪಂದ್ಯದಲ್ಲಾದರೂ ಅದು ಗೆಲ್ಲುವ ಸಂಭವನೀಯತೆ ಅರ್ಧ. ಎಂದರೆ ನಾಣ್ಯವನ್ನು ಚಿಮ್ಮಿದಂತೆ. ೧೦ ಪಂದ್ಯಗಳಲ್ಲಿ ಅದು ಸರಾಸರಿ ೫ನ್ನು ಗೆಲ್ಲಬೇಕು. ಆದರೆ ೧೦ ಬಾರಿ ನಾಣ್ಯ ಚಿಮ್ಮಿದಾಗ ಪ್ರತಿಸಲವೂ ೫ ತಲೆಗಳೇ ಬೀಳುವುದಿಲ್ಲವಷ್ಟೆ. ೧೦ರಲ್ಲಿ ೩ ಅಥವಾ ಅದಕ್ಕಿಂತ ಕಡಿಮೆ ಗೆಲುವು ಬರುವ ಸಂಭವನೀಯತೆಯನ್ನು ಲೆಕ್ಕ ಹಾಕಿದರೆ ೧,೦೨೪ರಲ್ಲಿ ೧೭೬, ಎಂದರೆ ಶೇಕಡ ೧೭ ಎಂದು ತಿಳಿಯುತ್ತದೆ. ೧೬೨ ಪಂದ್ಯಗಳ ಒಂದು ವರ್ಷದಲ್ಲಿ ಇಂತಹ ಹತ್ತರ ಕಂತುಗಳು ಹದಿನಾರು. ಆದುದರಿಂದ ಯಾರ ತಪ್ಪೂ ಇಲ್ಲದಿದ್ದರೂ ಮಧ್ಯಮ ತಂಡವೊಂದು ವರ್ಷಕ್ಕೆ ಎರಡು ಮೂರು ಸಲ ಹತ್ತರಲ್ಲಿ ಏಳನ್ನು ಸೋಲುವುದು ಸಹಜವೇ. ಇಂತಹ ಒಂದು ಕಂತನ್ನು ನೋಡಿ ಮ್ಯಾನೇಜರನ ತಲೆದಂಡ ಕೇಳುವ ಅಭಿಮಾನಿ ನಾಣ್ಯದ ಮೇಲೆ ಮುನಿಸಿಕೊಂಡವನಂತೆಯೇ ಸರಿ.

ಇಡೀ ವರ್ಷದ ಮಾತು ಬೇರೆ. ಪ್ರಯೋಗಗಳ ಸಂಖ್ಯೆ ಹೆಚ್ಚಿದಂತೆ ಅದೃಷ್ಟದ ಏರಿಳಿತಗಳು ಒಂದನ್ನೊಂದು ಅಳಿಸಿಹಾಕುತ್ತವೆ. ನಾಣ್ಯದ ಉದಾಹರಣೆಯಲ್ಲಿ ಏರಿಳಿತದ ಅಳತೆಯಾದ ಮಾನಕ ವಿಚಲನೆಯು ಪಂದ್ಯಗಳ ಸಂಖ್ಯೆಯ ವರ್ಗಮೂಲದ ಅರ್ಧದಷ್ಟು. ೧೬೨ರ ವರ್ಗಮೂಲ ಸುಮಾರು ೧೨.೭, ಅದರ ಅರ್ಧ ೬.೪. ಆದುದರಿಂದ ಮಧ್ಯಮ ತಂಡ ವರ್ಷಕ್ಕೆ ೮೧ ಪಂದ್ಯಗಳನ್ನು, ಅದರಿಂದ ಸುಮಾರು ೬ ಅತ್ತ ಅಥವಾ ಇತ್ತ, ಗೆಲ್ಲುತ್ತದೆ. ೭೫ ಬಂದರೂ ೮೭ ಬಂದರೂ ಅಚ್ಚರಿಪಡಬೇಕಾದುದಿಲ್ಲ. ೨೦೨೩ರಲ್ಲಿ ಓಕ್ಲೆಂಡ್ ಗೆದ್ದುದು ೫೦, ಸೋತುದು ೧೧೨. ಇದು ೮೧ಕ್ಕಿಂತ ೩೧ ಕಡಿಮೆ. ಎಂದರೆ ಮಾನಕ ವಿಚಲನೆಯ ಐದರಷ್ಟಕ್ಕೆ ಹತ್ತಿರ. ಮಧ್ಯಮ ತಂಡವೊಂದು ಬರಿಯ ದುರದೃಷ್ಟದಿಂದ ಇಷ್ಟು ಕೆಳಕ್ಕೆ ಬೀಳುವ ಸಂಭವನೀಯತೆ ಹತ್ತು ಲಕ್ಷದಲ್ಲಿ ಒಂದಕ್ಕಿಂತಲೂ ಕಡಿಮೆ. ತಂಡ ನಿಜವಾಗಿಯೂ ದುರ್ಬಲವಾಗಿತ್ತೆಂಬ ವಿಷಯದಲ್ಲಿ ಇನ್ನು ಸಂಶಯಕ್ಕೆ ಎಡೆಯಿಲ್ಲ.

ಅದೇ ವರ್ಷದ ಅಂಕಿಗಳಲ್ಲಿ ಇನ್ನೊಂದು ಪಾಠವೂ ಅಡಗಿದೆ. ಮೊದಲ ೬೨ ಪಂದ್ಯಗಳಲ್ಲಿ ಓಕ್ಲೆಂಡ್ ಗೆದ್ದುದು ೧೨ ಮಾತ್ರ. ಅದೇ ಪ್ರಮಾಣ ಮುಂದುವರಿದಿದ್ದರೆ ವರ್ಷದ ಕೊನೆಗೆ ೩೧ ಗೆಲುವುಗಳಷ್ಟೇ ಕೈಗೆ ಬರುತ್ತಿದ್ದುವು. ಆ ಬಳಿಕ ಆಶ್ಚರ್ಯಕರವಾಗಿ ಒಂದರ ಹಿಂದೊಂದರಂತೆ ಏಳು ಪಂದ್ಯಗಳನ್ನು ಗೆದ್ದಿತು. ಏಳನೆಯ ಗೆಲುವು ಪ್ರತಿಭಟನೆಯ ದಿನದಂದೇ, ಬಲಿಷ್ಠವಾದ ಟ್ಯಾಂಪಾ ಬೇ ತಂಡದ ಮೇಲೆ, ೨-೧ರಿಂದ ಬಂದಿತು. ತಂಡದ ದೆಸೆ ತಿರುಗಿತೆಂದು ಕೆಲವರು ಹಿಗ್ಗಿರಬಹುದು. ಆದರೆ ಉಳಿದ ೯೩ ಪಂದ್ಯಗಳಲ್ಲಿ ಅದು ಗೆದ್ದುದು ೩೧, ಸರಿಯಾಗಿ ಮೂರನೆಯ ಒಂದು ಪಾಲು. ಮೊದಲಿನ ಘೋರ ಸ್ಥಿತಿಯೂ ನಡುವಣ ಗೆಲುವಿನ ಸರಣಿಯೂ ಅದೃಷ್ಟದ ಅಲೆಗಳು. ಅವುಗಳಡಿಯಲ್ಲಿದ್ದ ನಿಜವಾದ ಶಕ್ತಿ ಮೂರರಲ್ಲೊಂದರ ಆಸುಪಾಸಿನದು. ಅತಿರೇಕದ ಫಲಗಳ ಬಳಿಕ ಬರುವ ಫಲಗಳು ಸರಾಸರಿಯತ್ತ ಸರಿಯುವ ಈ ಗುಣಕ್ಕೆ 'ಸರಾಸರಿಗೆ ಹಿಂದಿರುಗುವಿಕೆ' ಎಂದು ಹೆಸರು.

ಓಟಗಳ ಲೆಕ್ಕ

ಗೆಲುವುಗಳನ್ನು ಎಣಿಸುವುದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಳತೆಗೋಲುಂಟು. ಬಿಲ್ ಜೇಮ್ಸ್ ಎಂಬ ಅಮೆರಿಕನ್ ಲೇಖಕರು ತಂಡ ಗಳಿಸಿದ ಓಟಗಳಿಗೂ ಕೊಟ್ಟ ಓಟಗಳಿಗೂ ಗೆಲುವಿನ ಪ್ರಮಾಣಕ್ಕೂ ಇರುವ ಒಂದು ಸರಳ ಸಂಬಂಧವನ್ನು ಕಂಡುಹಿಡಿದರು. ಗಳಿಸಿದ ಓಟಗಳ ವರ್ಗವನ್ನು, ಗಳಿಸಿದ ಹಾಗೂ ಕೊಟ್ಟ ಓಟಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ ಗೆಲ್ಲಬೇಕಾದ ಪಂದ್ಯಗಳ ಪಾಲು ಬರುತ್ತದೆ. ಲಂಬಕೋನ ತ್ರಿಕೋನದ ಪ್ರಮೇಯವನ್ನು ನೆನಪಿಗೆ ತರುವುದರಿಂದ ಇದಕ್ಕೆ ಪೈಥಾಗೊರಸನ ಹೆಸರು ಅಂಟಿಕೊಂಡಿದೆ; ಅಷ್ಟು ಬಿಟ್ಟರೆ ರೇಖಾಗಣಿತಕ್ಕೂ ಇದಕ್ಕೂ ನಂಟಿಲ್ಲ. ಮೊದಲು ಇದು ಅಂಕಿಗಳಿಗೆ ಹೊಂದಿಕೊಳ್ಳುವ ಸೂತ್ರ ಮಾತ್ರವಾಗಿತ್ತು. ಓಟಗಳು ಒಂದು ಬಗೆಯ ಸಂಭವನೀಯತಾ ವಿತರಣೆಯನ್ನು ಅನುಸರಿಸುತ್ತವೆಂದು ಇಟ್ಟುಕೊಂಡರೆ ಇದೇ ರೂಪದ ಸೂತ್ರವನ್ನು ಸಾಧಿಸಬಹುದೆಂದು ಗಣಿತಜ್ಞ ಸ್ಟೀವನ್ ಮಿಲ್ಲರ್ ೨೦೦೭ರಲ್ಲಿ ಪ್ರಕಟವಾದ ಲೇಖನದಲ್ಲಿ ತೋರಿಸಿದರು.

ಈ ಸೂತ್ರವನ್ನು ಓಕ್ಲೆಂಡಿಗೆ ಅನ್ವಯಿಸೋಣ. ೨೦೨೩ರಲ್ಲಿ ಅದು ೫೮೫ ಓಟ ಗಳಿಸಿ ೯೨೪ ಓಟ ಕೊಟ್ಟಿತು. ಗುಣಿಸಿ ಭಾಗಿಸಿದರೆ ೦.೨೮೬, ೧೬೨ ಪಂದ್ಯಗಳಲ್ಲಿ ೪೬ ಗೆಲುವು. ನಿಜವಾಗಿ ಬಂದುವು ೫೦. ಎಂದರೆ ಓಕ್ಲೆಂಡಿಗೆ ಆ ವರ್ಷ ದುರದೃಷ್ಟವಿರಲಿಲ್ಲ. ಸ್ವಲ್ಪ ಅದೃಷ್ಟವೇ ಇತ್ತು! ೨೦೨೪ರಲ್ಲಿ ಷಿಕಾಗೋ ನಗರದ 'ವೈಟ್ ಸಾಕ್ಸ್' ತಂಡ ೧೨೧ ಪಂದ್ಯಗಳನ್ನು ಸೋತು, ೧೯೦೦ರಿಂದೀಚೆಗಿನ ಸೋಲಿನ ದಾಖಲೆಯನ್ನೇ ಮುರಿಯಿತು. ಅಲ್ಲಿಯೂ ಜನ ಒಡೆಯನು ತಂಡವನ್ನು ಮಾರಲೆಂದು ಕೂಗಿದರು. ಆ ತಂಡ ಗಳಿಸಿದ ಓಟ ೫೦೭, ಕೊಟ್ಟ ಓಟ ೮೧೩. ಸೂತ್ರದಂತೆ ೪೫ ಗೆಲುವು ಬರಬೇಕಿತ್ತು, ಬಂದುವು ೪೧. ದುರದೃಷ್ಟದ ಲೆಕ್ಕಕ್ಕೆ ನಾಲ್ಕು ಸೋಲುಗಳನ್ನು ಬರೆದರೂ ಉಳಿದವುಗಳಿಗೆ ಬೇರೆ ಕಾರಣವನ್ನೇ ಹುಡುಕಬೇಕು.

ಕಾರಣ ಹಣದ ಕೊರತೆಯೆ? ಓಕ್ಲೆಂಡಿನ ಇತಿಹಾಸವೇ ಇದಕ್ಕೆ ಉತ್ತರ ಕೊಡುತ್ತದೆ. ೨೦೦೨ರಲ್ಲಿ ಆ ತಂಡ ಆಟಗಾರರ ಸಂಬಳಕ್ಕೆ ವೆಚ್ಚ ಮಾಡಿದುದು ಸುಮಾರು ೪ ಕೋಟಿ ಡಾಲರ್. ನ್ಯೂಯಾರ್ಕಿನ 'ಯಾಂಕೀಸ್' ತಂಡದ ವೆಚ್ಚ ೧೨ ಕೋಟಿಗೂ ಮಿಗಿಲು. ಆದರೂ ಎರಡೂ ತಂಡಗಳು ೧೦೩ ಪಂದ್ಯಗಳನ್ನು ಗೆದ್ದುವು; ಓಕ್ಲೆಂಡ್ ಸತತವಾಗಿ ೨೦ ಪಂದ್ಯಗಳನ್ನು ಗೆದ್ದು ಹೆಸರಾಯಿತು. ಇತರರು ಕಡೆಗಣಿಸಿದ್ದ ಆಟಗಾರರನ್ನು ಅಂಕಿ-ಅಂಶಗಳಿಂದ ಗುರುತಿಸಿದ ಮುಖ್ಯ ವ್ಯವಸ್ಥಾಪಕ ಬಿಲ್ಲಿ ಬೀನ್ ಅವರ ಜಾಣ್ಮೆಯನ್ನು ಮೈಕಲ್ ಲೂಯಿಸರು ೨೦೦೩ರಲ್ಲಿ 'ಮನಿಬಾಲ್' ಎಂಬ ಪುಸ್ತಕದಲ್ಲಿ ವರ್ಣಿಸಿದ್ದಾರೆ. ಬಡತನವೊಂದೇ ಸೋಲಿಗೆ ಕಾರಣವಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಅಭಿಮಾನಿ ಅಳೆಯುವುದು ಏನನ್ನು?

ಸೋಲು ಮಾತ್ರದಿಂದಲೇ ಅಭಿಮಾನಿಗೆ ಸಿಟ್ಟು ಬರುತ್ತದೆಂದು ತಿಳಿಯುವುದೂ ತಪ್ಪು. ೧೯೬೨ರಲ್ಲಿ ನ್ಯೂಯಾರ್ಕಿನಲ್ಲಿ 'ಮೆಟ್ಸ್' ಎಂಬ ಹೊಸ ತಂಡ ಹುಟ್ಟಿತು. ಮೊದಲ ವರ್ಷ ಅದು ೪೦ ಪಂದ್ಯ ಗೆದ್ದು ೧೨೦ ಸೋತಿತು. ಆದರೂ ೯ ಲಕ್ಷಕ್ಕೂ ಹೆಚ್ಚು ಜನ ಅದರ ಆಟ ನೋಡಲು ಬಂದರು. ಅದರ ಎಡವಟ್ಟುಗಳನ್ನು ನೋಡಿ ನಕ್ಕರೇ ಹೊರತು ದ್ವೇಷಿಸಲಿಲ್ಲ. ಏಳು ವರ್ಷಗಳ ಬಳಿಕ, ೧೯೬೯ರಲ್ಲಿ, ಅದೇ ತಂಡ ದೇಶದ ಅಗ್ರಪ್ರಶಸ್ತಿಯನ್ನು ಗೆದ್ದಿತು.

ಭೌತವಿಜ್ಞಾನದಲ್ಲಿ ವಸ್ತುವಿನ ಸ್ಥಾನ ಬೇರೆ, ವೇಗ ಬೇರೆ. ಬೆಟ್ಟದ ಬುಡದಲ್ಲಿರುವ ಇಬ್ಬರಲ್ಲಿ ಒಬ್ಬನು ಹತ್ತಲು ಹೊರಟವನಿರಬಹುದು, ಇನ್ನೊಬ್ಬನು ಉರುಳಿ ಬಂದವನಿರಬಹುದು. ಅಭಿಮಾನಿಯ ಮನಸ್ಸು ಅಳೆಯುವುದು ಸ್ಥಾನವನ್ನಲ್ಲ, ಚಲನೆಯ ದಿಕ್ಕನ್ನು. ಮೆಟ್ಸ್ ಹತ್ತಲು ಹೊರಟ ತಂಡ. ಓಕ್ಲೆಂಡ್ ೨೦೧೮ರಲ್ಲಿಯೂ ೨೦೧೯ರಲ್ಲಿಯೂ ೯೭ ಪಂದ್ಯಗಳನ್ನು ಗೆದ್ದಿತ್ತು. ೨೦೨೧ರಲ್ಲಿ ೮೬, ೨೦೨೨ರಲ್ಲಿ ೬೦, ೨೦೨೩ರಲ್ಲಿ ೫೦. ಈ ಇಳಿತ ತಾನಾಗಿ ಆದುದಲ್ಲ. ೨೦೨೨ರ ಋತು ಮೊದಲಾಗುವ ಮುನ್ನವೇ ಮ್ಯಾಟ್ ಓಲ್ಸನ್, ಮ್ಯಾಟ್ ಚ್ಯಾಪ್‌ಮನ್, ಕ್ರಿಸ್ ಬ್ಯಾಸಿಟ್, ಶಾನ್ ಮನಾಯ ಎಂಬ ನಾಲ್ವರು ಮುಂಚೂಣಿಯ ಆಟಗಾರರನ್ನು ಆಡಳಿತ ವರ್ಗದವರು ಬೇರೆ ತಂಡಗಳಿಗೆ ಬಿಟ್ಟುಕೊಟ್ಟರು. ಆ ವರ್ಷದ ಕೊನೆಗೆ ಶಾನ್ ಮರ್ಫಿಯೂ ಹೋದರು. ಪ್ರತಿಯಾಗಿ ಬಂದವರಲ್ಲಿ ಹೆಚ್ಚಿನವರು ಇನ್ನೂ ಪಳಗದ ತರುಣರು. ಮೈದಾನದ ಮ್ಯಾನೇಜರನು ಯಾರೇ ಆಗಿದ್ದರೂ ಆ ತಂಡದಿಂದ ೯೭ ಗೆಲುವುಗಳನ್ನು ಹಿಂಡಲಾಗುತ್ತಿರಲಿಲ್ಲ. ಅಭಿಮಾನಿಗಳ ಬೆರಳು ಮ್ಯಾನೇಜರನನ್ನು ದಾಟಿ ನೇರವಾಗಿ ಒಡೆಯ ಜಾನ್ ಫಿಷರ್ ಅವರತ್ತ ತಿರುಗಿದುದು ಇದರಿಂದಲೇ. ಆ ಬೆರಳು ತೋರಿಸಿದ ದಿಕ್ಕಿಗೆ ಅಂಕಿಗಳು ವಿರೋಧ ಹೇಳುವುದಿಲ್ಲ.

ಕೊಂಡಿ ಕಳಚಿದ ಗತಿನಿಯಾಮಕ

ಹಾಗಾದರೆ ತಿದ್ದುಪಡಿ ಏಕಾಗಲಿಲ್ಲ? ಇಲ್ಲಿ ಉಗಿಯಂತ್ರದ ಒಂದು ಭಾಗವನ್ನು ನೆನೆಯಬೇಕು. ೧೭೮೮ರಲ್ಲಿ ಜೇಮ್ಸ್ ವಾಟ್ ತನ್ನ ಯಂತ್ರಕ್ಕೆ ಒಂದು ಗತಿನಿಯಾಮಕವನ್ನು ಅಳವಡಿಸಿದನು. ತಿರುಗುವ ಕಂಬಕ್ಕೆ ತೂಗುಬಿಟ್ಟ ಎರಡು ಲೋಹದ ಗುಂಡುಗಳು. ಯಂತ್ರದ ವೇಗ ಹೆಚ್ಚಿದರೆ ಅವು ಹೊರಕ್ಕೆ ಸರಿದು ಮೇಲೇಳುತ್ತವೆ. ಅವುಗಳಿಗೆ ಹೊಂದಿಸಿದ ಸನ್ನೆಕೋಲು ಉಗಿಯ ಕವಾಟವನ್ನು ಸ್ವಲ್ಪ ಮುಚ್ಚುತ್ತದೆ. ವೇಗ ತಗ್ಗಿದರೆ ಗುಂಡುಗಳು ಇಳಿದು ಕವಾಟ ತೆರೆಯುತ್ತದೆ. ಫಲದ ಸುದ್ದಿಯನ್ನು ಕಾರಣದ ಬಳಿಗೆ ಹಿಂದಕ್ಕೆ ಒಯ್ಯುವ ಈ ಏರ್ಪಾಟಿಗೆ 'ಹಿಮ್ಮಾಹಿತಿ' ಎಂದು ಹೆಸರು. ಇದರಲ್ಲಿ ಎರಡು ಅಂಗಗಳಿವೆಯೆಂಬುದನ್ನು ಗಮನಿಸಿ: ಅಳೆಯುವ ಗುಂಡುಗಳು, ಮತ್ತು ಅಳತೆಯನ್ನು ಕವಾಟಕ್ಕೆ ಮುಟ್ಟಿಸುವ ಕೊಂಡಿ. ಕೊಂಡಿ ಕಳಚಿದರೆ ಗುಂಡುಗಳು ಎಷ್ಟೇ ನಿಖರವಾಗಿ ಅಳೆದರೂ ಯಂತ್ರಕ್ಕೆ ಅದರ ಪರಿವೆಯಿರುವುದಿಲ್ಲ.

ಕ್ರೀಡಾರಂಗದಲ್ಲಿ ಅಭಿಮಾನಿಗಳು ಈ ಗುಂಡುಗಳಿದ್ದಂತೆ. ಆಟ ಚೆನ್ನಾಗಿದ್ದರೆ ಬರುತ್ತಾರೆ, ಕೆಟ್ಟರೆ ದೂರ ಉಳಿಯುತ್ತಾರೆ. ಅವರು ಕೊಡುವ ಟಿಕೀಟಿನ ಹಣವೇ ಕೊಂಡಿ. ೧೯ನೆಯ ಶತಮಾನದಲ್ಲಿ ಈ ಕೊಂಡಿ ಬಲು ಗಟ್ಟಿಯಾಗಿತ್ತು. ೧೮೯೯ರಲ್ಲಿ ಕ್ಲೀವ್‌ಲೆಂಡ್ ನಗರದ 'ಸ್ಪೈಡರ್ಸ್' ತಂಡದ ಒಡೆಯರಾದ ರಾಬಿಸನ್ ಸಹೋದರರು ಸೇಂಟ್ ಲೂಯಿಸ್ ತಂಡವನ್ನೂ ಕೊಂಡು, ಸೈ ಯಂಗ್ ಮೊದಲಾದ ಶ್ರೇಷ್ಠ ಆಟಗಾರರನ್ನೆಲ್ಲ ಅಲ್ಲಿಗೆ ಸಾಗಿಸಿದರು. ಬರಿದಾದ ಸ್ಪೈಡರ್ಸ್ ೨೦ ಪಂದ್ಯ ಗೆದ್ದು ೧೩೪ ಸೋತಿತು. ಊರಿನ ಜನ ಆಟಕ್ಕೆ ಬೆನ್ನು ತಿರುಗಿಸಿದರು. ಇಡೀ ವರ್ಷದಲ್ಲಿ ಅಲ್ಲಿ ಆಟ ನೋಡಿದವರು ೬,೦೮೮ ಮಂದಿ. ಗಲ್ಲಾಪೆಟ್ಟಿಗೆ ಬರಿದಾದುದರಿಂದ ತಂಡ ಊರಿಂದೂರಿಗೆ ಅಲೆದು ೧೧೨ ಪಂದ್ಯಗಳನ್ನು ಪರಸ್ಥಳದಲ್ಲೇ ಆಡಿತು. ಮರುವರ್ಷ ಕೂಟದವರು ಅದನ್ನು ತೆಗೆದುಹಾಕಿದರು. ಕ್ರೂರವಾದ ತಿದ್ದುಪಡಿಯಾದರೂ ಅದು ತಡಮಾಡದೆ ಬಂದ ತಿದ್ದುಪಡಿ.

ಈಗಿನ ಕಾಲದಲ್ಲಿ ಈ ಕೊಂಡಿ ಹಲವು ಕಡೆಗಳಲ್ಲಿ ಸಡಿಲವಾಗಿದೆ. ಮೊದಲನೆಯದಾಗಿ, ರಾಷ್ಟ್ರಮಟ್ಟದ ದೂರದರ್ಶನ ಪ್ರಸಾರದ ಹಣ ಗೆದ್ದವರಿಗೂ ಸೋತವರಿಗೂ ಸಮನಾಗಿ ಹಂಚಿಹೋಗುತ್ತದೆ. ಎರಡನೆಯದಾಗಿ, ಸ್ಥಳೀಯ ವರಮಾನದ ಹಂಚಿಕೆ. ೨೦೨೨ರ ಕರಾರಿನ ಸಾಮಾನ್ಯ ನಿಯಮದಂತೆ ಪ್ರತಿ ತಂಡವೂ ತನ್ನ ಸ್ಥಳೀಯ ನಿವ್ವಳ ವರಮಾನದ ಶೇಕಡ ೪೮ನ್ನು ಒಂದು ನಿಧಿಗೆ ಕೊಡುತ್ತದೆ. ಆ ನಿಧಿ ೩೦ ತಂಡಗಳಿಗೆ ಹಂಚಿಹೋಗುತ್ತದೆ. ಸಣ್ಣ ಊರುಗಳ ತಂಡಗಳು ಬದುಕಲೆಂಬ ಸದುದ್ದೇಶದಿಂದ ಮಾಡಿದ ಏರ್ಪಾಟು ಇದು. ಆದರೆ ಇದರ ಅಡ್ಡಪರಿಣಾಮವನ್ನು ಲೆಕ್ಕ ಹಾಕಿ ನೋಡಿ. ಅಭಿಮಾನಿಗಳು ದೂರ ಉಳಿದು ತಂಡಕ್ಕೆ ೧೦೦ ಡಾಲರ್ ವರಮಾನ ತಪ್ಪಿತೆನ್ನೋಣ. ನಿಧಿಗೆ ಕೊಡಬೇಕಾದ ೪೮ ಡಾಲರ್ ಉಳಿಯಿತು. ನಿಧಿ ೪೮ರಷ್ಟು ಕುಗ್ಗಿದುದರಿಂದ ತನ್ನ ಪಾಲಿನಲ್ಲಿ ಅದರ ಮೂವತ್ತನೆಯ ಒಂದು ಭಾಗ, ಎಂದರೆ ೧.೬೦ ಡಾಲರ್, ಕಡಿಮೆಯಾಯಿತು. ಒಟ್ಟು ನಷ್ಟ ೫೩.೬೦ ಡಾಲರ್ ಮಾತ್ರ. ಜನರು ನೂರು ದನಿಯಲ್ಲಿ ಕೂಗಿದರೆ ಒಡೆಯನ ಕಿವಿಗೆ ಬೀಳುವುದು ಐವತ್ತನಾಲ್ಕು ದನಿ!

ಮೂರನೆಯದಾಗಿ, ತಂಡದ ಬೆಲೆ. ಅಥ್ಲೆಟಿಕ್ಸ್ ತಂಡವನ್ನು ೨೦೦೫ರಲ್ಲಿ ಫಿಷರ್ ಮತ್ತು ಅವರ ಪಾಲುದಾರರು ೧೮ ಕೋಟಿ ಡಾಲರಿಗೆ ಕೊಂಡರು. ೨೦೨೪ರಲ್ಲಿ 'ಫೋರ್ಬ್ಸ್' ಪತ್ರಿಕೆ ಅದರ ಬೆಲೆಯನ್ನು ೧೨೦ ಕೋಟಿ ಡಾಲರೆಂದು ಅಂದಾಜು ಮಾಡಿತು. ಮೈದಾನದಲ್ಲಿ ತಂಡ ಕೆಳಕ್ಕೆ ಜಾರುತ್ತಿದ್ದಾಗಲೂ ಸ್ವತ್ತಿನ ಬೆಲೆ ಮೇಲಕ್ಕೇ ಏರಿದುದನ್ನು ಕಾಣಬಹುದು. ನಾಲ್ಕನೆಯದಾಗಿ, ಸೋತ ತಂಡಗಳಿಗೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಲ್ಲಿ ಮುಂಚಿನ ಸರದಿ ದೊರೆಯುತ್ತದೆ. ಬೇಕೆಂದೇ ಸೋಲುವುದನ್ನು ತಡೆಯಲು ೨೦೨೩ರಿಂದ ಮೊದಲ ಆರು ಸರದಿಗಳಿಗೆ ಚೀಟಿ ಎತ್ತುವ ಪದ್ಧತಿಯನ್ನು ತಂದರಾದರೂ ಅತ್ಯಂತ ದುರ್ಬಲವಾದ ಮೂರು ತಂಡಗಳಿಗೇ ಅದರಲ್ಲಿ ಹೆಚ್ಚಿನ ಅವಕಾಶ.

ಕಡೆಯದಾಗಿ, ಪೈಪೋಟಿಯ ಅಭಾವ. ಹೋಟೆಲಿನ ಊಟ ಕೆಟ್ಟರೆ ಎದುರಿಗೆ ಇನ್ನೊಬ್ಬನು ಹೋಟೆಲು ತೆರೆಯಬಹುದು. ಮೇಜರ್ ಲೀಗಿನಲ್ಲಿ ಎಷ್ಟು ತಂಡಗಳಿರಬೇಕು, ಯಾವ ಊರಿನಲ್ಲಿರಬೇಕು ಎಂಬುದನ್ನು ಒಡೆಯರ ಕೂಟವೇ ತೀರ್ಮಾನಿಸುತ್ತದೆ. ೧೯೨೨ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಬೇಸ್‌ಬಾಲ್ ಪ್ರದರ್ಶನವು ಅಂತರರಾಜ್ಯ ವ್ಯಾಪಾರವಲ್ಲವೆಂದು ತೀರ್ಪಿತ್ತು, ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ಅದಕ್ಕೆ ವಿನಾಯಿತಿ ದೊರಕಿಸಿತು. ೧೯೫೩ರಲ್ಲಿಯೂ ೧೯೭೨ರಲ್ಲಿಯೂ ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ೧೯೯೮ರ ಕಾನೂನೊಂದು ಆಟಗಾರರ ಉದ್ಯೋಗದ ಮಟ್ಟಿಗೆ ಅದನ್ನು ತೆಗೆದುಹಾಕಿದರೂ, ಉಳಿದ ಭಾಗ ಹಾಗೆಯೇ ನಿಂತಿದೆ.

ಇನ್ನೊಂದು ಪಕ್ಷ

ನ್ಯಾಯವಾಗಿ ವಿಚಾರ ಮಾಡುವವರು ಒಡೆಯರ ಪಕ್ಷವನ್ನೂ ಕೇಳಬೇಕು. ಓಕ್ಲೆಂಡಿನ ಕ್ರೀಡಾಂಗಣ ೧೯೬೬ರಲ್ಲಿ ತೆರೆದುದು. ೨೦೧೩ರಲ್ಲಿ ಅಲ್ಲಿಯ ಒಳಚರಂಡಿ ಉಕ್ಕಿ ಆಟಗಾರರ ಕೋಣೆಗಳಿಗೆ ಕೊಳಕು ನೀರು ನುಗ್ಗಿತ್ತು. ಹೊಸದು ಬೇಕೆಂಬುದರಲ್ಲಿ ಹುರುಳಿತ್ತು. ಹತ್ತಿರದ ಸ್ಯಾನ್ ಹೋಸೆ ನಗರಕ್ಕೆ ಹೋಗಲು ನೆರೆಯ 'ಜೈಂಟ್ಸ್' ತಂಡದ ಪ್ರಾದೇಶಿಕ ಹಕ್ಕು ಅಡ್ಡಬಂದಿತು. ಆ ನಗರ ಹೂಡಿದ ದಾವೆಯನ್ನು ೨೦೧೫ರಲ್ಲಿ ಸರ್ವೋಚ್ಚ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಓಕ್ಲೆಂಡಿನ ಬಂದರಿನ ಬಳಿ ಕ್ರೀಡಾಂಗಣ ಕಟ್ಟುವ ಮಾತುಕತೆ ೨೦೨೩ರ ಏಪ್ರಿಲಿನಲ್ಲಿ ಮುರಿದುಬಿದ್ದಿತು. ಇದರಲ್ಲಿ ನಗರಾಡಳಿತದ ಪಾಲೆಷ್ಟು, ಒಡೆಯರ ಪಾಲೆಷ್ಟು ಎಂಬ ವಾದವನ್ನು ನಮ್ಮ ಸೂತ್ರಗಳು ಬಗೆಹರಿಸಲಾರವು. ತಂಡ ದುರ್ಬಲವೆಂಬುದನ್ನು ಅಂಕಿಗಳು ಹೇಳುತ್ತವೆ. ಯಾರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಹೇಳುವುದಿಲ್ಲ. ಅಳತೆಯ ಶಕ್ತಿಯನ್ನು ತಿಳಿದಷ್ಟೇ ಅದರ ಮಿತಿಯನ್ನೂ ವಿದ್ಯಾರ್ಥಿಯು ತಿಳಿದಿರಬೇಕು.

ಕೂಗಿನ ಫಲ

ಜೂನ್ ೧೩ರ ಪ್ರತಿಭಟನೆಯ ಫಲವೇನಾಯಿತು? ಅಂದು ಬಂದ ೮ ಲಕ್ಷ ಡಾಲರಿಗೂ ಹೆಚ್ಚಿನ ಟಿಕೀಟಿನ ಹಣವನ್ನು ಸಂಸ್ಥೆ ಅಲ್ಲಿಯ ಧರ್ಮಕಾರ್ಯಗಳಿಗೆ ದಾನ ಮಾಡಿತು. ಒಂದು ದಿನದ ಗಲ್ಲಾಪೆಟ್ಟಿಗೆಯನ್ನೇ ಕೊಟ್ಟುಬಿಡಬಲ್ಲ ಸಂಸ್ಥೆಗೆ ಗಲ್ಲಾಪೆಟ್ಟಿಗೆಯ ಭಯವೆಷ್ಟಿದ್ದೀತು? ಎರಡು ದಿನಗಳ ಬಳಿಕ ನೆವಾಡ ರಾಜ್ಯದ ಗವರ್ನರು, ಲಾಸ್ ವೇಗಸ್ ನಗರದಲ್ಲಿ ಈ ತಂಡಕ್ಕೆ ಹೊಸ ಕ್ರೀಡಾಂಗಣ ಕಟ್ಟಲು ೩೮ ಕೋಟಿ ಡಾಲರುಗಳವರೆಗೆ ಸಾರ್ವಜನಿಕ ನೆರವು ನೀಡುವ ಶಾಸನಕ್ಕೆ ರುಜು ಹಾಕಿದರು. ನವೆಂಬರ್ ೧೬ರಂದು ಮೂವತ್ತು ತಂಡಗಳ ಒಡೆಯರೂ ಒಬ್ಬರೂ ಬಿಡದೆ ಸ್ಥಳಾಂತರಕ್ಕೆ ಒಪ್ಪಿಗೆಯಿತ್ತರು. ೨೦೨೪ರ ಸೆಪ್ಟೆಂಬರ್ ೨೬ರಂದು ೪೬,೮೮೯ ಜನರ ಮುಂದೆ ಓಕ್ಲೆಂಡಿನಲ್ಲಿ ಕೊನೆಯ ಪಂದ್ಯ ನಡೆಯಿತು. ತಂಡ ೩-೨ರಿಂದ ಗೆದ್ದಿತು. ೧೯೬೮ರಿಂದ ೫೭ ಋತುಗಳನ್ನು ಅಲ್ಲಿ ಆಡಿ, ನಾಲ್ಕು ಬಾರಿ ದೇಶದ ಅಗ್ರಪ್ರಶಸ್ತಿಯನ್ನು ತಂದ ತಂಡ ಅದು. ೨೦೨೫ರ ಋತುವನ್ನು ಅದು ಸ್ಯಾಕ್ರಮೆಂಟೋ ನಗರದ ಬಳಿಯ ಒಂದು ಸಣ್ಣ ಮೈದಾನದಲ್ಲಿ ಆಡಿತು. ೨೦೨೮ರ ಹೊತ್ತಿಗೆ ಲಾಸ್ ವೇಗಸ್ ಸೇರುವುದು ಒಡೆಯರ ಯೋಜನೆ. ಬ್ಯಾಸ್ಕೆಟ್‌ಬಾಲ್ ತಂಡವನ್ನು ೨೦೧೯ರಲ್ಲಿ, ಅಮೆರಿಕನ್ಫುಟ್‌ಬಾಲ್ ತಂಡವನ್ನು ೨೦೨೦ರಲ್ಲಿ ಕಳೆದುಕೊಂಡಿದ್ದ ಊರಿಗೆ ಇದು ಮೂರನೆಯ ನಷ್ಟ. ಅದರೊಂದಿಗೆ ಬಾಗಿಲು ಕಾಯುವವರ, ತಿಂಡಿ ಮಾರುವವರ, ಮೈದಾನವನ್ನು ಹದಗೊಳಿಸುವವರ ಕೆಲಸಗಳೂ ಹೋದುವು.

ಇದಕ್ಕೆ ಬೇರೆ ಏರ್ಪಾಟುಗಳಿಲ್ಲದೆ ಇಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕಾಲ್ಚೆಂಡಿನಲ್ಲಿ ಪ್ರತಿ ವರ್ಷ ಕೊನೆಯ ಮೂರು ತಂಡಗಳು ಕೆಳಗಿನ ದರ್ಜೆಗೆ ಇಳಿಯಬೇಕು. ಸೋಲಿನ ಬಿಸಿ ಒಡೆಯನಿಗೆ ನೇರವಾಗಿ ತಟ್ಟುತ್ತದೆ. ಅಮೆರಿಕದಲ್ಲಿಯೇ ಗ್ರೀನ್ ಬೇ ಎಂಬ ಸಣ್ಣ ಊರಿನ ಫುಟ್‌ಬಾಲ್ ತಂಡವಾದ 'ಪ್ಯಾಕರ್ಸ್' ೧೯೨೩ರಿಂದಲೂ ಜನರ ಷೇರುಗಳ ಮೇಲೆ ನಿಂತಿದೆ. ಆ ಷೇರುಗಳಿಗೆ ಲಾಭಾಂಶವಿಲ್ಲ. ಅದು ಊರು ಬಿಟ್ಟು ಹೋಗಿಯೂ ಇಲ್ಲ. ಓಕ್ಲೆಂಡಿನಲ್ಲಿ ೨೦೨೪ರಿಂದ 'ಬಾಲರ್ಸ್' ಎಂಬ ಹೊಸ ತಂಡವೊಂದು ಕೆಳಗಿನ ದರ್ಜೆಯ ಸ್ವತಂತ್ರ ಕೂಟದಲ್ಲಿ ಆಡುತ್ತಿದೆ. ಊರಿನ ಹಳೆಯ ಮೈದಾನವೊಂದನ್ನು ಸರಿಪಡಿಸಿಕೊಂಡು ಆಡುವ ಈ ತಂಡದಲ್ಲಿ ಸಾಮಾನ್ಯ ಅಭಿಮಾನಿಗಳೂ ಸಣ್ಣ ಸಣ್ಣ ಪಾಲುಗಳನ್ನು ಕೊಂಡಿದ್ದಾರೆ. ಕೊಂಡಿಯನ್ನು ಮತ್ತೆ ಬೆಸೆಯುವ ಒಂದು ಪ್ರಯತ್ನವಿದು.

ಅಳತೆ ಬೇರೆ, ತಿದ್ದುಪಡಿ ಬೇರೆ. ಓಕ್ಲೆಂಡಿನ ಜನರ ಅಳತೆಯಲ್ಲಿ ತಪ್ಪಿರಲಿಲ್ಲ. ಹತ್ತು ಲಕ್ಷದಲ್ಲಿ ಒಂದರ ಲೆಕ್ಕವೇ ಅದಕ್ಕೆ ಸಾಕ್ಷಿ. ಆದರೆ ಅವರ ಅಳತೆಯನ್ನು ಕವಾಟದವರೆಗೆ ಒಯ್ಯುವ ಸನ್ನೆಕೋಲು ಅವರ ಕೈಯಲ್ಲಿರಲಿಲ್ಲ. ವಿದ್ಯಾರ್ಥಿಗಳು ನಾಳೆ ಒಂದು ಸಂಸ್ಥೆಯನ್ನೋ ಸಂಘವನ್ನೋ ನಡೆಸಬೇಕಾಗಿ ಬಂದಾಗ, ಜನರ ದೂರುಗಳನ್ನು ಬರೆದುಕೊಳ್ಳುವ ಪುಸ್ತಕ ಇದೆಯೆ ಎಂದು ಕೇಳಿ ಸುಮ್ಮನಾಗಬಾರದು. ಆ ಪುಸ್ತಕದಿಂದ ಹೊರಟ ಕೊಂಡಿ ಎಲ್ಲಿಗೆ ಹೋಗಿ ಸೇರುತ್ತದೆಂದು ವಿಚಾರಿಸಬೇಕು.